ಜೂನ್ ಒಂದರ ಮಕ್ಕಳು ಮತ್ತು ನ್ಯಾಯಮೂರ್ತಿಗಳ ವಯಸ್ಸು

ಪೌರನೀತಿಯಲ್ಲಿ ನ್ಯಾಯಾಂಗದ ಪಾಠ ಬಂದಾಗಲೆಲ್ಲ ನಾನು ಕರಿಹಲಗೆಯ ಮೇಲೆ ಎರಡು ಸಂಖ್ಯೆಗಳನ್ನು ದೊಡ್ಡದಾಗಿ ಬರೆಯುತ್ತಿದ್ದೆ. ಉಚ್ಚ ನ್ಯಾಯಾಲಯಕ್ಕೆ 62, ಸರ್ವೋಚ್ಚ ನ್ಯಾಯಾಲಯಕ್ಕೆ 65. ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ; ನೀವೆಲ್ಲರೂ ಬಾಯಿಪಾಠ ಮಾಡಿ ಬರೆದವರೇ. ಆದರೆ ಬಹುತೇಕ ಪ್ರತಿ ವರ್ಷವೂ ಹಿಂದಿನ ಬೆಂಚಿನಿಂದ ಒಂದು ದನಿ ಏಳುತ್ತಿತ್ತು: "ಸಾರ್, ನಿಮಗ್ಯಾಕೆ ಐವತ್ತೆಂಟು, ಅವರಿಗ್ಯಾಕೆ ಅರವತ್ತೈದು?" 2008ರಲ್ಲಿ ನಮ್ಮ ರಾಜ್ಯ ಸರ್ಕಾರವು ನೌಕರರ ನಿವೃತ್ತಿ ವಯಸ್ಸನ್ನು 60ಕ್ಕೆ ಏರಿಸಿದ ಮೇಲೆ ಪ್ರಶ್ನೆಯೊಳಗಿನ ಸಂಖ್ಯೆ ಬದಲಾಯಿತೇ ಹೊರತು ಪ್ರಶ್ನೆ ಬದಲಾಗಲಿಲ್ಲ. ನಲವತ್ತು ನಿಮಿಷಗಳ ಅವಧಿಯಲ್ಲಿ ಅದಕ್ಕೆ ನಾನು ಕೊಡುತ್ತಿದ್ದ ಉತ್ತರ ಚುಟುಕಾದುದು. ನಿವೃತ್ತನಿಗೆ ಗಂಟೆ ಬಾರಿಸುವವರಿಲ್ಲ. ಆದ್ದರಿಂದ ಇಲ್ಲಿ ಕೊಂಚ ವಿಸ್ತಾರವಾಗಿ ಬರೆಯಬಯಸುತ್ತೇನೆ.

ಇದಕ್ಕೆ ಪ್ರೇರಣೆ ನಿಮ್ಮಲ್ಲೇ ಒಬ್ಬನದು. ಈಗ ವಕೀಲಿ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಹೋದ ತಿಂಗಳು ದೂರವಾಣಿ ಕರೆ ಮಾಡಿ, ಮಾತಿನ ನಡುವೆ, "ನ್ಯಾಯಮೂರ್ತಿಗಳಿಗೆ ವಯಸ್ಸಿನ ಮಿತಿಯೇ ಇರಬಾರದು ಸಾರ್. ಹಣ್ಣಾಗುವ ಹೊತ್ತಿಗೆ ಕಿತ್ತು ಹಾಕ್ತೀವಿ" ಎಂದ. ಮಾತು ಚೆನ್ನಾಗಿದೆ. ಆದರೆ ನಾನು ಒಪ್ಪಲಿಲ್ಲ. ಏಕೆ ಒಪ್ಪಲಿಲ್ಲ ಎಂಬುದನ್ನು ಹೇಳುವ ಮುನ್ನ ವಯಸ್ಸು ಎಂಬುದು ನಮ್ಮಲ್ಲಿ ಹೇಗೆ ಹುಟ್ಟುತ್ತದೆ ಎಂಬುದನ್ನು ಹೇಳಬೇಕು. ಅದು ಹುಟ್ಟುವುದು ಆಸ್ಪತ್ರೆಯಲ್ಲಲ್ಲ, ಶಾಲೆಯ ದಾಖಲಾತಿ ಪುಸ್ತಕದಲ್ಲಿ.

ನನ್ನ ತಲೆಮಾರಿನ ಹಳ್ಳಿಯ ಮಕ್ಕಳಲ್ಲಿ ಎಷ್ಟು ಮಂದಿ ಜೂನ್ ಒಂದರಂದು ಹುಟ್ಟಿದವರೆಂಬುದು ನಿಮಗೆ ಗೊತ್ತಿರಬೇಕು. ತಾಯಿಯನ್ನು ಕೇಳಿದರೆ, "ಕೆರೆ ಕೋಡಿ ಬಿದ್ದ ವರ್ಷ, ಅಮ್ಮನ ಜಾತ್ರೆ ಮುಗಿದ ಮೂರನೆ ದಿನ" ಎನ್ನುವಳು. ಅದು ಅವಳ ಮಟ್ಟಿಗೆ ಕರಾರುವಾಕ್ಕಾದ ದಿನಾಂಕವೇ. ಆದರೆ ಪುಸ್ತಕದ ಅಂಕಣದಲ್ಲಿ ಅದು ಹಿಡಿಸದು. ಶಾಲೆ ಆರಂಭವಾಗುವ ದಿನಕ್ಕೆ ವಯಸ್ಸು ಸರಿಹೊಂದಬೇಕು. ಮಾಸ್ತರರು ಮಗುವಿನ ಮುಖ ನೋಡಿ, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿ, ಜೂನ್ ಒಂದು ಎಂದು ಬರೆದು ಮುಂದಿನವನನ್ನು ಕರೆಯುವರು. ನಾನೂ ಅಂಥವನೇ. ದಾಖಲೆಯ ಪ್ರಕಾರ ನನ್ನ ಜನನ 1958ರ ಜೂನ್ 1. ನಮ್ಮ ಅವ್ವ ಹೇಳುತ್ತಿದ್ದುದು ಅದೇ ವರ್ಷದ ಮಹಾನವಮಿಯ ದಿನ ಎಂದು. ತಿಂಗಳ ಮೊದಲ ದಿನ ಹುಟ್ಟಿದ ಸರ್ಕಾರಿ ನೌಕರ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತನಾಗಬೇಕೆಂಬ ನಿಯಮವಿರುವುದರಿಂದ, 2018ರ ಮೇ 31ರಂದು ಹಾರ ಹಾಕಿಸಿಕೊಂಡು ಮನೆಗೆ ಬಂದಾಗ ನನಗೆ ಅವ್ವನ ಲೆಕ್ಕದಲ್ಲಿ ಅರವತ್ತು ತುಂಬಲು ಇನ್ನೂ ಸುಮಾರು ಐದು ತಿಂಗಳಿತ್ತು.

ಪ್ರೌಢಶಾಲೆಯಲ್ಲಿ ನಾವು ವಯಸ್ಸನ್ನು ಹುಟ್ಟಿಸುತ್ತಿರಲಿಲ್ಲ, ಗಟ್ಟಿ ಮಾಡುತ್ತಿದ್ದೆವು. ಹತ್ತನೆಯ ತರಗತಿಯ ಪರೀಕ್ಷೆಗೆ ಅರ್ಜಿ ತುಂಬಿಸುವಾಗ ಪ್ರಾಥಮಿಕ ಶಾಲೆಯ ವರ್ಗಾವಣೆ ಪತ್ರ ಮುಂದಿಟ್ಟುಕೊಂಡು ಒಬ್ಬೊಬ್ಬರ ಜನ್ಮದಿನಾಂಕವನ್ನೂ ಎರಡೆರಡು ಬಾರಿ ಓದಿ, ವಿದ್ಯಾರ್ಥಿಯಿಂದ ಸಹಿ ಮಾಡಿಸುತ್ತಿದ್ದೆವು. ಒಮ್ಮೆ ಅಂಕಪಟ್ಟಿಯಲ್ಲಿ ಅಚ್ಚಾದರೆ ಮುಗಿಯಿತು. ಆ ದಿನಗಳಲ್ಲಿ ಕೆಲವು ತಂದೆಯಂದಿರು ಸಂಜೆಯ ಹೊತ್ತು ಮನೆಗೆ ಬಂದು, "ಹುಡುಗನಿಗೆ ಎರಡು ವರ್ಷ ಕಮ್ಮಿ ಮಾಡಿ ಮೇಷ್ಟ್ರೇ, ನಾಳೆ ಸರ್ಕಾರಿ ಕೆಲಸ ಸಿಕ್ಕರೆ ಎರಡು ವರ್ಷ ಜಾಸ್ತಿ ಸಂಬಳ" ಎಂದು ಕೇಳುತ್ತಿದ್ದರು. ಹದಿನೈದು ವರ್ಷದ ಹುಡುಗನ ಅರವತ್ತನೆಯ ವಯಸ್ಸಿನ ಚಿಂತೆ! ಅವರನ್ನು ನಗಬೇಡಿ. ಹೊಲದ ಮೇಲೆ ನಂಬಿಕೆ ಕಳೆದುಕೊಂಡವರಿಗೆ ಸಂಬಳದ ತಿಂಗಳುಗಳನ್ನು ಎಣಿಸುವುದು ಸಹಜವೇ. ನಾನು ಮಾಡಿಕೊಡಲಿಲ್ಲ ಎಂಬುದು ಬೇರೆ ಮಾತು. ನಮ್ಮ ರಾಜ್ಯದಲ್ಲಿ 1974ರ ಕಾಯ್ದೆಯೊಂದು ನೌಕರನು ಸೇವೆಗೆ ಸೇರಿ ಕೆಲವು ವರ್ಷ ಕಳೆದ ಮೇಲೆ ವಯಸ್ಸು ತಿದ್ದಿಸಿಕೊಳ್ಳುವುದನ್ನೇ ನಿಲ್ಲಿಸಿದೆ.

ಇಷ್ಟು ಹೇಳಿದ್ದು ಏಕೆಂದರೆ, ದೇಶದ ಉಚ್ಚ ನ್ಯಾಯಾಲಯವೊಂದರ ನ್ಯಾಯಮೂರ್ತಿಯೊಬ್ಬರ ಬದುಕಿನಲ್ಲೂ ಇದೇ ಅಂಕಪಟ್ಟಿಯ ಪ್ರಶ್ನೆ ಎದ್ದು, ಅದರ ಪರಿಣಾಮವಾಗಿ ಸಂವಿಧಾನಕ್ಕೇ ಒಂದು ಉಪವಿಧಿ ಸೇರಿತು. ಕಲ್ಕತ್ತಾ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಜ್ಯೋತಿಪ್ರಕಾಶ್ ಮಿಟ್ಟರ್ ಅವರ ಕಥೆ ಅದು. ಅವರ ಮೆಟ್ರಿಕ್ಯುಲೇಷನ್ ದಾಖಲೆಯ ಪ್ರಕಾರ ಜನನ 1901ರ ಡಿಸೆಂಬರ್ 27. ಅವರು ಹೇಳಿಕೊಂಡದ್ದು 1904ರ ಡಿಸೆಂಬರ್ 27. ಆಗ ಉಚ್ಚ ನ್ಯಾಯಾಲಯದ ವಯೋಮಿತಿ 60. 1961ರ ಡಿಸೆಂಬರ್ ಹತ್ತಿರ ಬಂದಾಗ ಮುಖ್ಯ ನ್ಯಾಯಮೂರ್ತಿಗಳು, ಇನ್ನು ನಿಮಗೆ ಕೆಲಸ ಹಂಚುವುದಿಲ್ಲ ಎಂದು ತಿಳಿಸಿದರು. ಇಷ್ಟು ಕಾಲ ಬೇರೆಯವರ ವ್ಯಾಜ್ಯ ತೀರಿಸಿದವರು ತಮ್ಮ ಹುಟ್ಟಿದ ದಿನಕ್ಕಾಗಿ ತಾವೇ ನ್ಯಾಯಾಲಯದ ಮೆಟ್ಟಿಲು ಹತ್ತಿದರು.

ಈ ನಡುವೆ 1963ರಲ್ಲಿ ಸಂವಿಧಾನದ ಹದಿನೈದನೆಯ ತಿದ್ದುಪಡಿ ಬಂದಿತು. ಅದು ಎರಡು ಕೆಲಸ ಮಾಡಿತು: ಉಚ್ಚ ನ್ಯಾಯಾಲಯದ ವಯೋಮಿತಿಯನ್ನು 62ಕ್ಕೆ ಏರಿಸಿತು, ನ್ಯಾಯಮೂರ್ತಿಯ ವಯಸ್ಸಿನ ಬಗ್ಗೆ ವಿವಾದ ಬಂದರೆ ಭಾರತದ ಮುಖ್ಯ ನ್ಯಾಯಮೂರ್ತಿಗಳೊಡನೆ ಸಮಾಲೋಚಿಸಿ ರಾಷ್ಟ್ರಪತಿಗಳು ತೀರ್ಮಾನಿಸಬೇಕು, ಆ ತೀರ್ಮಾನವೇ ಅಂತಿಮ ಎಂದು 217ನೆಯ ವಿಧಿಗೆ ಸೇರಿಸಿತು. ಗಣಿತದ ಮೇಷ್ಟ್ರಲ್ಲದಿದ್ದರೂ ಒಂದು ಲೆಕ್ಕ ಮಾಡಿ ನೋಡಿದೆ. ದಾಖಲೆಯ ದಿನಾಂಕ ನಿಜವಾದರೆ ಮಿಟ್ಟರ್ ಅವರ ಅಧಿಕಾರ ತಿದ್ದುಪಡಿಗೆ ಮೊದಲೇ, 1961ರಲ್ಲೇ ಮುಗಿಯಿತು. ಅವರು ಹೇಳಿದ ದಿನಾಂಕ ನಿಜವಾದರೆ ತಿದ್ದುಪಡಿಯ ಲಾಭವೂ ದೊರೆತು 1966ರವರೆಗೆ. ಹುಟ್ಟಿನ ಮೂರು ವರ್ಷದ ವ್ಯತ್ಯಾಸ ಪೀಠದ ಮೇಲೆ ಐದು ವರ್ಷವಾಗುತ್ತಿತ್ತು. ರಾಷ್ಟ್ರಪತಿಗಳು 1965ರಲ್ಲಿ 1901 ಎಂದೇ ತೀರ್ಮಾನಿಸಿದರು. ಅದರ ಮೇಲೆ ಮತ್ತೆ ವ್ಯಾಜ್ಯ ನಡೆದು, ಸರ್ವೋಚ್ಚ ನ್ಯಾಯಾಲಯವು 1971ರಲ್ಲಿ ಆ ತೀರ್ಮಾನವನ್ನು ಎತ್ತಿಹಿಡಿಯಿತು. ಆ ಹೊತ್ತಿಗೆ ಯಾವ ಲೆಕ್ಕದಿಂದ ನೋಡಿದರೂ ಅವರ ನಿವೃತ್ತಿಯ ದಿನ ಕಳೆದುಹೋಗಿತ್ತು.

ಒಬ್ಬ ಮನುಷ್ಯನ ಯೋಗ್ಯತೆಯನ್ನು ಹೀಗೆ ಹಳೆಯ ಕಾಗದವೊಂದರಿಂದ ಅಳೆಯುವುದು ಸರಿಯೇ ಎಂದು ಕೇಳಬಹುದು. ನೆಹರೂ ಅವರಿಗೂ ಈ ಅನುಮಾನವಿತ್ತು. 1949ರ ಮೇ ತಿಂಗಳಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಈ ವಿಷಯ ಬಂದಾಗ, ಅತ್ಯುನ್ನತ ಮಟ್ಟದ ಪ್ರತಿಭೆ ಬೇಕಾದಲ್ಲಿ ವಯಸ್ಸಿನ ಬೇಲಿ ಹಾಕುವುದು ಅಪಾಯ ಎಂಬ ಅರ್ಥದ ಮಾತನ್ನಾಡಿ, ಅರವತ್ತು ದಾಟಿಯೂ ಜಗತ್ತಿನ ಶ್ರೇಷ್ಠ ವಿಜ್ಞಾನಿಯಾಗಿದ್ದ ಐನ್‌ಸ್ಟೈನ್ ಅವರ ಉದಾಹರಣೆ ಕೊಟ್ಟರು. ಕೊನೆಗೆ ಸರ್ವೋಚ್ಚ ನ್ಯಾಯಾಲಯಕ್ಕೆ 65 ನಿಂತಿತು. ನೆಹರೂ ಹೇಳಿದ್ದು ನಿಜ. ಆದರೆ ಐನ್‌ಸ್ಟೈನ್ ಅವರ ಸಮೀಕರಣ ತಪ್ಪಾದರೆ ಇನ್ನೊಬ್ಬ ವಿಜ್ಞಾನಿ ತಿದ್ದುತ್ತಾನೆ, ಯಾರ ಮನೆಯೂ ಹೋಗುವುದಿಲ್ಲ. ಅಂತಿಮ ನ್ಯಾಯಾಲಯದ ತೀರ್ಪನ್ನು ತಿದ್ದುವವರು ಯಾರು?

ಮಿತಿಯಿಲ್ಲದ ದೇಶದಲ್ಲಿ ಏನಾಗುತ್ತದೆ ಎಂಬುದಕ್ಕೆ ಅಮೆರಿಕೆಯನ್ನು ನೋಡಬಹುದು. ಅಲ್ಲಿನ ಸರ್ವೋಚ್ಚ ನ್ಯಾಯಾಲಯದಲ್ಲಿ ನೇಮಕವೆಂದರೆ ಆಜೀವ ನೇಮಕ. ಆಲಿವರ್ ವೆಂಡೆಲ್ ಹೋಮ್ಸ್ 1932ರಲ್ಲಿ ಹುದ್ದೆ ಬಿಟ್ಟಾಗ ಅವರಿಗೆ ತೊಂಬತ್ತು ವರ್ಷ. ಅದೂ ಸಹೋದ್ಯೋಗಿಗಳು ಸಂಕೋಚದಿಂದ ಸೂಚಿಸಿದ ಮೇಲೆ. ವಿಲಿಯಂ ಡಗ್ಲಸ್ ಅವರದು ಇನ್ನೂ ಸಂಕಟದ ಕಥೆ. 1974ರ ವರ್ಷಾಂತ್ಯದಲ್ಲಿ ಪಾರ್ಶ್ವವಾಯು ಬಡಿದರೂ ಅವರು ತಿಂಗಳುಗಟ್ಟಲೆ ಹುದ್ದೆ ಬಿಡಲಿಲ್ಲ. ಅವರೊಬ್ಬರ ಮತವೇ ನಿರ್ಣಾಯಕವಾಗುವ ಪ್ರಕರಣಗಳನ್ನು ಮುಂದೂಡುವುದೆಂದು ಉಳಿದ ನ್ಯಾಯಮೂರ್ತಿಗಳು ತಮ್ಮೊಳಗೇ ನಿರ್ಧರಿಸಿಕೊಂಡರು. ಮೂವತ್ತಾರು ವರ್ಷ ಪೀಠದಲ್ಲಿ ಕುಳಿತ, ಅಲ್ಲಿನ ದಾಖಲೆಯ ಸೇವಾವಧಿಯ ನ್ಯಾಯಮೂರ್ತಿಗೆ ಸಲ್ಲಬೇಕಾದ ಕೊನೆಯೇ ಅದು? ನಮ್ಮ 65ರ ಗೆರೆ ಅವರಿಗಿದ್ದಿದ್ದರೆ ಯಾರೂ ಗುಟ್ಟಾಗಿ ಮಾತಾಡಿಕೊಳ್ಳಬೇಕಾಗಿರಲಿಲ್ಲ.

ಹಾಗಾದರೆ ಒಬ್ಬೊಬ್ಬರನ್ನೂ ಪರೀಕ್ಷಿಸಿ, ಗಟ್ಟಿಯಿರುವವರನ್ನು ಉಳಿಸಿಕೊಂಡರಾಯಿತು ಎಂದು ನನ್ನ ವಕೀಲ ವಿದ್ಯಾರ್ಥಿ ಹೇಳಿದ. ನಾನು ಭಿನ್ನಾಭಿಪ್ರಾಯ ಹೊಂದಿರುವುದು ಮುಖ್ಯವಾಗಿ ಇಲ್ಲಿಯೇ. ಪರೀಕ್ಷಿಸುವವರು ಯಾರು? ಮೂವತ್ತು ವರ್ಷಕ್ಕೂ ಮಿಕ್ಕಿ ಮೌಲ್ಯಮಾಪನದ ಕೆಂಪು ಶಾಯಿ ಹಿಡಿದವನಾಗಿ ಹೇಳುತ್ತೇನೆ, ಅಂಕ ಕೊಡುವವನ ಮುಂದೆ ಎಂಥ ಜಾಣ ಹುಡುಗನ ಬೆನ್ನೂ ಸ್ವಲ್ಪ ಬಾಗುತ್ತದೆ. ಕೆಳ ನ್ಯಾಯಾಲಯಗಳ ನ್ಯಾಯಾಧೀಶರ ವಯೋಮಿತಿ 58ರಿಂದ 60ಕ್ಕೆ ಏರಿದಾಗ, ಅದು ತಾನಾಗಿ ಸಿಗುವಂಥದ್ದಲ್ಲ, 58ರಲ್ಲಿ ಉಚ್ಚ ನ್ಯಾಯಾಲಯವು ಅವರ ಕಾರ್ಯವನ್ನು ಪರಿಶೀಲಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 1993ರಲ್ಲಿ ಹೇಳಿತು. ಅಲ್ಲಿ ಪರಿಶೀಲಿಸುವವರೂ ನ್ಯಾಯಾಂಗದವರೇ ಆದ್ದರಿಂದ ಅದನ್ನು ಹೇಗೋ ಒಪ್ಪಬಹುದು. ಆದರೆ ಮೇಲಿನ ನ್ಯಾಯಾಲಯಗಳ ವಿಷಯದಲ್ಲಿ ಆ ಕೆಂಪು ಶಾಯಿ ಬಹುಮಟ್ಟಿಗೆ ಸರ್ಕಾರದ ಕೈಗೆ ಹೋಗುತ್ತದೆ.

ಪೋಲೆಂಡ್ ದೇಶದಲ್ಲಿ 2018ರಲ್ಲಿ ಅದೇ ಆಯಿತು. ಸರ್ವೋಚ್ಚ ನ್ಯಾಯಾಲಯದ ವಯೋಮಿತಿಯನ್ನು 70ರಿಂದ 65ಕ್ಕೆ ಇಳಿಸಿ, ಮುಂದುವರಿಯಬೇಕೆಂದವರು ಅಧ್ಯಕ್ಷರ ಒಪ್ಪಿಗೆ ಪಡೆಯಬೇಕೆಂದು ಕಾನೂನು ಮಾಡಿದರು. ವಯಸ್ಸಿನ ಗೆರೆಯೂ ಇದೆ, ಆ ಗೆರೆಯನ್ನು ದಾಟಿಸುವ ಬಾಗಿಲೂ ಇದೆ, ಬಾಗಿಲ ಕೀಲಿ ಮಾತ್ರ ಒಬ್ಬರ ಕೈಯಲ್ಲಿ! ಐರೋಪ್ಯ ನ್ಯಾಯಾಲಯ 2019ರಲ್ಲಿ ಇದನ್ನು ನ್ಯಾಯಾಂಗದ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಹಂಗೇರಿಯಲ್ಲೂ ವಯೋಮಿತಿಯನ್ನು ಒಮ್ಮೆಗೇ 70ರಿಂದ 62ಕ್ಕೆ ಇಳಿಸಿ ಹಿರಿಯರನ್ನು ಹೊರಗಟ್ಟಲು ಹೊರಟದ್ದನ್ನು ಅದೇ ನ್ಯಾಯಾಲಯ 2012ರಲ್ಲಿ ತಪ್ಪೆಂದಿತ್ತು. ನಿಗದಿತ ವಯಸ್ಸು ಕುರುಡು, ನಿಜ. ಜಾಣನನ್ನೂ ದಡ್ಡನನ್ನೂ, ಸರ್ಕಾರಕ್ಕೆ ಬೇಕಾದವನನ್ನೂ ಬೇಡದವನನ್ನೂ ಅದು ಒಂದೇ ರೀತಿ ಮನೆಗೆ ಕಳುಹಿಸುತ್ತದೆ. ನ್ಯಾಯಮೂರ್ತಿಯ ವಿಷಯದಲ್ಲಿ ಕಣ್ಣಿರುವ ನಿಯಮಕ್ಕಿಂತ ಈ ಕುರುಡು ನಿಯಮವೇ ನನಗೆ ವಾಸಿಯೆನಿಸುತ್ತದೆ. ಎಂ.ಎನ್. ವೆಂಕಟಾಚಲಯ್ಯನವರಂಥವರೂ 1994ರ ಅಕ್ಟೋಬರ್ 24ರಂದು, ಅರವತ್ತೈದು ತುಂಬುವ ಹಿಂದಿನ ದಿನ, ಭಾರತದ ಮುಖ್ಯ ನ್ಯಾಯಮೂರ್ತಿ ಪೀಠದಿಂದ ಇಳಿದರು. ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಹಾಗೆಂದು ಈಗಿನ ಸಂಖ್ಯೆಗಳೇ ಸರಿ ಎಂದು ನಾನು ವಾದಿಸುವುದಿಲ್ಲ. ವೆಂಕಟಾಚಲಯ್ಯನವರ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗವೇ 2002ರಲ್ಲಿ 65 ಮತ್ತು 68 ಎಂದು ಶಿಫಾರಸು ಮಾಡಿತ್ತು. ಉಚ್ಚ ನ್ಯಾಯಾಲಯಕ್ಕೂ 65 ಮಾಡುವ ಮಸೂದೆ 2010ರಲ್ಲಿ ಲೋಕಸಭೆಗೆ ಬಂದು, 2014ರಲ್ಲಿ ಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು. ನನಗೆ 62 ಅಥವಾ 65 ಎಂಬ ಸಂಖ್ಯೆಗಿಂತ ಅವೆರಡರ ನಡುವಿನ ಮೂರು ವರ್ಷದ ಮೇಲೆ ಅಸಮಾಧಾನ. ಅರವತ್ತೊಂದರಲ್ಲಿರುವ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗೆ ದೆಹಲಿಯ ಕರೆ ಬಂದರೆ ಇನ್ನೂ ನಾಲ್ಕು ವರ್ಷ, ಬಾರದಿದ್ದರೆ ಒಂದೇ ವರ್ಷ. ಬಹುಮಂದಿ ಇದಕ್ಕೆ ಮಣಿಯುವವರಲ್ಲ ಎಂದೇ ನಂಬೋಣ. ಆದರೂ ಅವರ ಮುಂದೆ ಆ ಬೆಲ್ಲವನ್ನು ಇಡುವುದಾದರೂ ಏಕೆ? ಎರಡು ಕಡೆಯೂ ಒಂದೇ ವಯಸ್ಸು ಮಾಡಿದರೆ ಅದು ಮಾಯವಾಗುತ್ತದೆ.

ಇನ್ನೊಂದು ಬೆಲ್ಲ ನಿವೃತ್ತಿಯ ಆಚೆಗಿದೆ. ನಿವೃತ್ತ ನ್ಯಾಯಮೂರ್ತಿಗಳಿಗೆ ಸರ್ಕಾರದ ಹುದ್ದೆ ಕೂಡದೆಂದು ಸಂವಿಧಾನ ರಚನಾ ಸಭೆಯಲ್ಲಿ ಕೆ.ಟಿ. ಷಾ ತಿದ್ದುಪಡಿ ಸೂಚಿಸಿದ್ದರು. ನ್ಯಾಯಾಲಯದ ಮುಂದೆ ಬರುವುದು ಹೆಚ್ಚಾಗಿ ಪ್ರಜೆ ಪ್ರಜೆಗಳ ನಡುವಿನ ವ್ಯಾಜ್ಯ, ಸರ್ಕಾರಕ್ಕೆ ಅದರಲ್ಲಿ ಆಸಕ್ತಿ ವಿರಳ ಎಂಬ ಕಾರಣದಿಂದ ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಅಂದಿಗೆ ಅದು ಸರಿಯಿದ್ದಿರಬಹುದು. ಇಂದು ಸರ್ಕಾರವೇ ದೇಶದ ಅತಿ ದೊಡ್ಡ ಕಕ್ಷಿದಾರ. 1958ರಲ್ಲೇ ಸೆತಲ್ವಾಡ್ ಅಧ್ಯಕ್ಷತೆಯ ಕಾನೂನು ಆಯೋಗ ಇಂಥ ಹುದ್ದೆಗಳು ಬೇಡವೆಂದಿತು. ವಿಚಿತ್ರ ನೋಡಿ, ಆ ಆಯೋಗದ ಸದಸ್ಯರಾಗಿದ್ದ ಎಂ.ಸಿ. ಛಾಗ್ಲಾ ಅವರೇ ಮುಂಬಯಿಯ ಮುಖ್ಯ ನ್ಯಾಯಮೂರ್ತಿ ಹುದ್ದೆಯಿಂದ ಅದೇ ವರ್ಷ ಅಮೆರಿಕೆಯ ರಾಯಭಾರಿಯಾಗಿ ಹೋದರು. ಈಚಿನವು ನಿಮಗೆ ಗೊತ್ತೇ ಇವೆ: ರಂಜನ್ ಗೊಗೊಯ್ ನಿವೃತ್ತರಾದದ್ದು 2019ರ ನವೆಂಬರಿನಲ್ಲಿ, ರಾಜ್ಯಸಭೆಗೆ ನಾಮಕರಣ 2020ರ ಮಾರ್ಚಿನಲ್ಲಿ. ನಮ್ಮ ದಕ್ಷಿಣ ಕನ್ನಡದವರಾದ ಅಬ್ದುಲ್ ನಜೀರ್ 2023ರ ಜನವರಿಯಲ್ಲಿ ನಿವೃತ್ತರಾಗಿ ಫೆಬ್ರವರಿಯಲ್ಲಿ ಆಂಧ್ರಪ್ರದೇಶದ ರಾಜ್ಯಪಾಲರಾದರು. ಅವರ ತೀರ್ಪುಗಳ ಬಗ್ಗೆ ನಾನು ಏನನ್ನೂ ಹೇಳುತ್ತಿಲ್ಲ, ಹೇಳುವ ಯೋಗ್ಯತೆಯೂ ನನಗಿಲ್ಲ. ಎರಡು ದಿನಾಂಕಗಳ ನಡುವೆ ಅಂತರ ಇಷ್ಟು ಕಡಿಮೆಯಿದ್ದರೆ ನೋಡುವವರ ಮನಸ್ಸಿನಲ್ಲಿ ಅನುಮಾನ ಮೂಡುವುದನ್ನು ತಡೆಯಲಾಗದು, ಅಷ್ಟೇ. 2025ರ ಮೇ ತಿಂಗಳಲ್ಲಿ ನಿವೃತ್ತರಾದ ಸಂಜೀವ್ ಖನ್ನಾ ಅವರು ತಾವು ಯಾವ ಅಧಿಕೃತ ಹುದ್ದೆಯನ್ನೂ ಸ್ವೀಕರಿಸುವುದಿಲ್ಲವೆಂದು ಹೇಳಿದಾಗ ಸಂತೋಷವಾಯಿತು. ಆದರೆ ಎಲ್ಲ ಬಾಗಿಲುಗಳನ್ನೂ ಮುಚ್ಚಬೇಕೆನ್ನಲು ನನಗೆ ಮನಸ್ಸಾಗದು. 2005ರಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ನಿವೃತ್ತರಾದ ಸಂತೋಷ್ ಹೆಗ್ಡೆ ಅವರು ಲೋಕಾಯುಕ್ತರಾಗದಿದ್ದರೆ 2011ರ ಗಣಿ ವರದಿ ನಮಗೆ ಸಿಗುತ್ತಿತ್ತೇ? ನಿವೃತ್ತಿಗೂ ಹುದ್ದೆಗೂ ನಡುವೆ ಎರಡು ವರ್ಷದ ಬಿಡುವು ಎಂದು ಮಾಡಿದರೆ ಸಾಕು ಎನ್ನುವುದು ನನ್ನ ಮತ.

ವಯಸ್ಸಿಗೆ ಜ್ಯೇಷ್ಠತೆಯೂ ಸೇರಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕನ್ನಡಿಗರದೇ ಲೆಕ್ಕ ಕೊಡಬಹುದು. ಎಸ್. ರಾಜೇಂದ್ರ ಬಾಬು ಅವರು 2004ರ ಮೇ ತಿಂಗಳೊಂದರಲ್ಲೇ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿ ಬಂದು ನಿರ್ಗಮಿಸಿದರು. ಇ.ಎಸ್. ವೆಂಕಟರಾಮಯ್ಯನವರಿಗೆ 1989ರಲ್ಲಿ ದೊರೆತದ್ದು ಆರು ತಿಂಗಳು. ಅವರ ಮಗಳು ಬಿ.ವಿ. ನಾಗರತ್ನ ಅವರು, ಜ್ಯೇಷ್ಠತೆಯ ಪದ್ಧತಿ ಹೀಗೆಯೇ ನಡೆದರೆ, 2027ರ ಸೆಪ್ಟೆಂಬರಿನಲ್ಲಿ ಆ ಪೀಠವೇರುವ ಮೊದಲ ಮಹಿಳೆಯಾಗುತ್ತಾರೆ. ಸಿಗುವುದು ಮೂವತ್ತಾರು ದಿನ. ನಮ್ಮ ಶಾಲೆಯ ದಸರಾ ರಜೆಗೆ ಇನ್ನೊಂದಿಷ್ಟು ದಿನ ಸೇರಿಸಿದಷ್ಟು!

ಇಷ್ಟೆಲ್ಲ ಬರೆದು, ಈ ಗೆರೆಯಿಂದ ಪೆಟ್ಟು ತಿಂದವರ ಮಾತು ಬರೆಯದಿದ್ದರೆ ಬಂಧುಗಳು ಮುನಿಯುತ್ತಾರೆ. ನಮ್ಮ ಅಕ್ಕನ ಗಂಡ, ಭಾವನವರ ಜಮೀನಿನ ವ್ಯಾಜ್ಯ ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಎರಡು ಎಕರೆ ಹದಿನಾಲ್ಕು ಗುಂಟೆ. ಯಾವ ನ್ಯಾಯಾಲಯ, ಯಾವ ನ್ಯಾಯಮೂರ್ತಿ ಎಂಬುದು ಇಲ್ಲಿ ಬೇಡ. ಹನ್ನೊಂದು ವರ್ಷ ಕಾದ ಮೇಲೆ ಮೇಲ್ಮನವಿಯ ವಾದ ನಡೆಯಿತು. ಎರಡೂ ಕಡೆಯ ವಕೀಲರು ಮುಗಿಸಿದರು, ತೀರ್ಪು ಕಾಯ್ದಿರಿಸಲಾಯಿತು. ಭಾವನವರು ಪ್ರತಿದಿನ ಮಗನಿಂದ ಮೊಬೈಲಿನಲ್ಲಿ ಪಟ್ಟಿ ನೋಡಿಸುತ್ತಿದ್ದರು. ತೀರ್ಪು ಬರುವ ಮೊದಲೇ ನ್ಯಾಯಮೂರ್ತಿಗಳಿಗೆ ಅರವತ್ತೆರಡು ತುಂಬಿತು. ನಿವೃತ್ತರಾದ ಮರುದಿನದಿಂದ ಅವರು ಬರೆದ ಪುಟಕ್ಕೆ ಬೆಲೆಯಿಲ್ಲ. ಬೇರೊಬ್ಬರ ಮುಂದೆ ವಾದ ಮೊದಲಿನಿಂದ ಆಗಬೇಕು. ನಾನು ಇದನ್ನು ವಿವರಿಸಿ ಹೇಳಿದಾಗ ಭಾವನವರು ಬಹಳ ಹೊತ್ತು ಸುಮ್ಮನಿದ್ದು, "ಅವರಿಗೆ ಅವರ ತಾರೀಕು ಮೊದಲೇ ಗೊತ್ತಿತ್ತಲ್ಲವೇನಯ್ಯ?" ಎಂದರು.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಗೆರೆ ಕುರುಡಾಗಿರಬಹುದು, ಆದರೆ ಅದು ಬರುವ ದಿನ ನೇಮಕದ ದಿನವೇ ಎಲ್ಲರಿಗೂ ಗೊತ್ತು. ಶಾಲೆಯಲ್ಲಿ ಮಾರ್ಚಿಯಲ್ಲಿ ಪರೀಕ್ಷೆಯೆಂದು ಜೂನ್‌ನಲ್ಲೇ ಗೊತ್ತಿರುವುದರಿಂದ ಫೆಬ್ರವರಿಯ ಹೊತ್ತಿಗೆ ಪಾಠ ಮುಗಿಸುತ್ತೇವೆ. ಕೊನೆಯ ಕೆಲವು ತಿಂಗಳಲ್ಲಿ ಹೊಸ ವಾದ ಕೇಳದೆ, ಕೇಳಿದ್ದನ್ನು ಬರೆದು ಮುಗಿಸುವಂತೆ ಕೆಲಸ ಹಂಚಲು ಸಂವಿಧಾನದ ತಿದ್ದುಪಡಿಯೇನೂ ಬೇಕಿಲ್ಲ. 224ಎ ವಿಧಿಯಡಿ ನಿವೃತ್ತರನ್ನು ತಾತ್ಕಾಲಿಕವಾಗಿ ಮರಳಿ ಕರೆಯುವ ದಾರಿಯೂ ಇದೆ. ದಶಕಗಳ ಕಾಲ ಅದನ್ನು ಬಳಸಿದ್ದೇ ಅಪರೂಪ. ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಅದಕ್ಕೆ ಮಾರ್ಗಸೂಚಿ ಕೊಟ್ಟು, 2025ರ ಜನವರಿಯಲ್ಲಿ ನಿಬಂಧನೆಗಳನ್ನು ಸಡಿಲಿಸಿತು. ಆದರೆ ಅದು ಕ್ರಿಮಿನಲ್ ಮೇಲ್ಮನವಿಗಳಿಗೆ. ಎರಡು ಎಕರೆ ಹದಿನಾಲ್ಕು ಗುಂಟೆಗೆ ಅಲ್ಲ.

ಭಾವನವರು ಎರಡನೆಯ ಬಾರಿಯ ವಾದ ಆರಂಭವಾಗುವ ಮೊದಲೇ ತೀರಿಕೊಂಡರು. ಈಗ ಅವರ ಸ್ಥಾನದಲ್ಲಿ ಅಕ್ಕನ ಮತ್ತು ಮಗನ ಹೆಸರಿದೆ. ಮೊನ್ನೆ ಅವನು ಮನೆಗೆ ಬಂದಿದ್ದ. ಪ್ರಕರಣ ಹೊಸ ನ್ಯಾಯಮೂರ್ತಿಯೊಬ್ಬರ ಮುಂದೆ ಬಂದಿದೆಯಂತೆ. "ಮಾವ, ಅವರ ಹುಟ್ಟಿದ ದಿನ ಜಾಲತಾಣದಲ್ಲಿ ನೋಡಿದೆ. ಇನ್ನು ಹದಿನಾಲ್ಕು ತಿಂಗಳಿದೆ" ಎಂದ. ಮುಂದಿನ ದಿನಾಂಕ ಬೇಸಿಗೆ ರಜೆಯ ಆಚೆಗೆ ಕೊಟ್ಟಿದ್ದಾರೆ.